ಕಪ್ಪು ಗಾಜಿನ ಮೇಲೆ ಎರಡು ಹನಿ

ಊಟಿಯಿಂದ ಸೋಲೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿ, ನೀಲಗಿರಿ ಮರಗಳ ಹಿಂದೆ, ಹದಿನೆಂಟು ಹಾಸಿಗೆಯ ಒಂದು ಆಸ್ಪತ್ರೆಯಿತ್ತು. ಅದರ ಬಡಗಣ ತುದಿಗೆ, ವರ್ಷದ ಯಾವ ತಿಂಗಳಲ್ಲೂ ಬಿಸಿಲು ಇಣುಕದ ಕೋಣೆಯೊಂದರಲ್ಲಿ ಸಣ್ಣತಾಯಮ್ಮ ರಕ್ತ ಪರೀಕ್ಷೆ ಮಾಡುತ್ತಿದ್ದಳು. ಒಂದು ಸೂಕ್ಷ್ಮದರ್ಶಕ, ಒಂದು ಫ್ರಿಜ್ಜು, ರಕ್ತ ತಿರುಗಿಸುವ ಒಂದು ಯಂತ್ರ, ಮೂರು ಕಾಲು ಸರಿಯಾಗಿದ್ದು ನಾಲ್ಕನೆಯದಕ್ಕೆ ರಟ್ಟು ಮಡಚಿಟ್ಟ ಒಂದು ಮೇಜು. ಇಷ್ಟರ ನಡುವೆ ಅವಳು ಹತ್ತೊಂಬತ್ತು ವರ್ಷ ಕಳೆದಿದ್ದಳು.

ಅವಳ ಅಪ್ಪ ಗುರುಮಲ್ಲಪ್ಪ ಗುಂಡ್ಲುಪೇಟೆ ಕಡೆಯವನು. ಊಟಿ ಹತ್ತಿರದ ನಂಜನಾಡಿನಲ್ಲಿ ಗುತ್ತಿಗೆಗೆ ನೆಲ ಹಿಡಿದು ಆಲೂಗಡ್ಡೆ ಬೆಳೆಯಲು ಬಂದವನು ಅಲ್ಲೇ ಉಳಿದುಬಿಟ್ಟ. ಸಣ್ಣತಾಯಮ್ಮ ಹುಟ್ಟಿದ್ದು, ಶಾಲೆಗೆ ಹೋದದ್ದು, ಗಡ್ಡೆ ಆರಿಸಿದ್ದು ಎಲ್ಲ ಆ ಮೆಟ್ಟಿಲು ಹೊಲಗಳಲ್ಲೇ. ಹತ್ತನೆಯ ತರಗತಿ ಮುಗಿದ ಮೇಲೆ ಕೊಯಮತ್ತೂರಿನಲ್ಲಿ ಒಂದು ವರ್ಷ ತರಬೇತಿ. ಮೊದಲ ಸಲ ಸೂಕ್ಷ್ಮದರ್ಶಕದ ಕೊಳವೆಗೆ ಕಣ್ಣಿಟ್ಟ ದಿನ ಅವಳಿಗೆ ಕಂಡದ್ದು ತನ್ನದೇ ರಕ್ತ. ಕಿತ್ತಳೆ ಬಣ್ಣದ ಚಿಕ್ಕ ಚಿಕ್ಕ ಬಿಲ್ಲೆಗಳು, ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಹೂವಿನಂಥ ಬಿಳಿ ಕಣ. ಅಷ್ಟು ಅಂದದ್ದು ತನ್ನೊಳಗೆ ಹರಿಯುತ್ತಿದೆ ಎಂದು ಯಾರೂ ತನಗೆ ಹೇಳಿರಲಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಗಿತ್ತು.

ಅವಳು ಮಾತು ಕಡಿಮೆ ಆಡುವವಳು. ಹೇಳಬೇಕಾದದ್ದನ್ನೆಲ್ಲ ಅಂಗೈಯಗಲದ ಚೀಟಿಯಲ್ಲಿ ಬರೆದು ಡಾಕ್ಟರ ಕೋಣೆಗೆ ಕಳಿಸುವುದು ಅವಳಿಗೆ ಸಲೀಸು. ಮಕ್ಕಳ ವಿಷಯದಲ್ಲಿ ಮಾತ್ರ ಅವಳದೊಂದು ಕ್ರಮವಿತ್ತು. ಎಳೆಗೂಸಿನ ಹಿಮ್ಮಡಿ ಚುಚ್ಚುವ ಮೊದಲು ಆ ಪುಟ್ಟ ಪಾದವನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಅದು ಕೆಂಪಾಗುವವರೆಗೂ ಕಾಯುತ್ತಿದ್ದಳು. ತಾಯಂದಿರು ಅದನ್ನು ಮಮತೆ ಎಂದುಕೊಳ್ಳುತ್ತಿದ್ದರು. ಮಮತೆಯೂ ಇತ್ತು. ಆದರೆ ತಣ್ಣಗಿನ ಪಾದದಲ್ಲಿ ರಕ್ತ ನಿಧಾನವಾಗಿ ಹರಿಯುತ್ತದೆ, ಬಿಳಿ ಕಣಗಳು ಅಲ್ಲಿ ಹೆಚ್ಚಾಗಿ ತಂಗುತ್ತವೆ, ಎಣಿಕೆ ತಪ್ಪು ಬರುತ್ತದೆ. ಚಳಿ ಸುಳ್ಳು ಹೇಳಿಸುತ್ತದೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಮುಂದೆ ನಡೆದದ್ದಕ್ಕೆ ಅವಳು ತನ್ನನ್ನು ತಾನೇ ಬಹಳ ದಿನ ಕ್ಷಮಿಸಲಿಲ್ಲ.

ಜ್ವರ ಬಂದ ಕೂಸುಗಳೇ ಡಾಕ್ಟರ್ ರಂಗನಾಥನ್ ಅವರ ದೊಡ್ಡ ತಲೆನೋವು. ನೂರು ಕೂಸುಗಳಿಗೆ ಜ್ವರ ಬಂದರೆ ತೊಂಬತ್ತಕ್ಕಿಂತ ಹೆಚ್ಚು ಕೂಸುಗಳದು ತಾನಾಗಿ ಬಂದು ತಾನಾಗಿ ಹೋಗುವ ಜ್ವರ. ಉಳಿದ ಕೆಲವು ಕೂಸುಗಳಲ್ಲಿ ಮಾತ್ರ ಕ್ರಿಮಿ ರಕ್ತಕ್ಕೇ ಇಳಿದಿರುತ್ತದೆ. ಅಲ್ಲಿಂದ ಮಿದುಳಿನ ಪೊರೆಗೋ ಶ್ವಾಸಕೋಶಕ್ಕೋ ಹೋಗಲು ಒಂದು ದಿನ ಸಾಕು. ಮೊದಲ ದಿನ ಇವೆರಡೂ ಒಂದೇ ಥರ ಕಾಣುತ್ತವೆ. ಕೂಸಿಗೆ ಬಾಯಿಲ್ಲ. ಅದಕ್ಕೆ ರಂಗನಾಥನ್ ಅವರು ವರ್ಷದೊಳಗಿನ, ಕಾರಣ ಕಾಣದ ಜ್ವರದ ಕೂಸುಗಳನ್ನೆಲ್ಲ ಆಸ್ಪತ್ರೆಯಲ್ಲೇ ಇರಿಸಿಕೊಂಡು ಇಂಜೆಕ್ಷನ್ ಕೊಡುತ್ತಿದ್ದರು. ತಾಯಂದಿರು ಎರಡು ಕಂಬಳಿ ಹೊದ್ದು ಆ ಚಳಿಯ ವಾರ್ಡಿನಲ್ಲಿ ವಾರಗಟ್ಟಲೆ ಕೂರುತ್ತಿದ್ದರು.

ತೊಂಬತ್ತೇಳನೆಯ ಇಸವಿಯ ನವೆಂಬರಿನಲ್ಲಿ ಕೊಯಮತ್ತೂರಿನಿಂದ ಹೊಸ ಪರೀಕ್ಷೆಯೊಂದು ಚಿಕ್ಕ ರಟ್ಟಿನ ಪೆಟ್ಟಿಗೆಯಲ್ಲಿ ಬಂತು. ಸಿ.ಆರ್.ಪಿ. ಎಂದು ಅದರ ಹೆಸರು. ಮೈಯಲ್ಲಿ ಕ್ರಿಮಿಗಳ ಹಾವಳಿ ಜೋರಾದರೆ ಪಿತ್ತಜನಕಾಂಗ ಒಂದು ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ಅದು ಇದೆಯೋ ಇಲ್ಲವೋ ತಿಳಿಯಲು ಕಪ್ಪು ಗಾಜಿನ ಮೇಲೆ ಎರಡು ಹನಿ ಸಾಕು. ಒಂದು, ರಕ್ತದಿಂದ ಬೇರ್ಪಡಿಸಿದ ತಿಳಿನೀರು. ಇನ್ನೊಂದು, ಪೆಟ್ಟಿಗೆಯ ಸೀಸೆಯಲ್ಲಿರುವ ಹಾಲಿನಂಥ ದ್ರವ. ಎರಡನ್ನೂ ಕಲಸಿ ಗಾಜನ್ನು ಎರಡು ನಿಮಿಷ ಅತ್ತಿತ್ತ ತೂಗಬೇಕು. ಹಾಲು ಒಡೆದು ಕಣಕಣವಾದರೆ ಅಪಾಯ. ಹಾಲು ಹಾಲಾಗಿಯೇ ಉಳಿದರೆ ಕೂಸನ್ನು ಮನೆಗೆ ಕಳಿಸಬಹುದು. ಜೊತೆಗೆ ಬಿಳಿ ಕಣಗಳ ಎಣಿಕೆಯನ್ನೂ ನೋಡಬೇಕು.

ಪೆಟ್ಟಿಗೆಯಲ್ಲಿ ಇನ್ನೂ ಎರಡು ಸಣ್ಣ ಸೀಸೆಗಳಿದ್ದವು. ಒಂದು ಒಡೆಯಲೇಬೇಕಾದದ್ದು, ಇನ್ನೊಂದು ಒಡೆಯಲೇಬಾರದ್ದು. ಔಷಧಿ ಸರಿಯಾಗಿದೆಯೇ ಎಂದು ನೋಡಿಕೊಳ್ಳಲು ಕೊಟ್ಟ ಸಾಕ್ಷಿಗಳು ಅವು. ಪೆಟ್ಟಿಗೆ ಬಿಚ್ಚಿದ ದಿನ ಸಣ್ಣತಾಯಮ್ಮ ಎರಡನ್ನೂ ಹಾಕಿ ನೋಡಿದಳು. ಎರಡೂ ಸರಿಯಾಗಿ ಉತ್ತರ ಕೊಟ್ಟವು. ಆಮೇಲೆ, ಸುಮ್ಮನೆ ಸೀಸೆ ಖಾಲಿಯಾಗುವುದು ಬೇಡವೆಂದು, ಅವನ್ನು ಫ್ರಿಜ್ಜಿನ ಹಿಂದಕ್ಕೆ ಸರಿಸಿಟ್ಟಳು.

ನವೆಂಬರ್ ಹೋಯಿತು. ಡಿಸೆಂಬರ್ ನಡುವಿನಿಂದ ಚಳಿ ಬಿಗಿಯಾಯಿತು. ಜನವರಿಯ ಎರಡನೆಯ ವಾರಕ್ಕೆ ಬೆಳಗಿನ ಹುಲ್ಲೆಲ್ಲ ಹಿಮದಿಂದ ಬೆಳ್ಳಗೆ. ಚಹಾ ಗಿಡಗಳು ಕರಟಿಹೋಗದಂತೆ ಜನ ಅವುಗಳ ಮೇಲೆ ಜರಿಸೊಪ್ಪು ಹೊದಿಸಿದ್ದರು. ಅಂಥದೊಂದು ಗುರುವಾರ, ಆಸ್ಪತ್ರೆಯ ಬಾಗಿಲು ತೆರೆಯುವ ಹೊತ್ತಿಗೆ, ಸೋಲೂರಿನಾಚೆಯ ಹಟ್ಟಿಯೊಂದರಿಂದ ಆ ಬೆಟ್ಟದ ಬಡಗ ಜನಾಂಗದ ಮುದುಕಿ ಲಿಂಗಿ ತನ್ನ ಸೊಸೆ ಕಮಲಂಳನ್ನೂ ಏಳು ತಿಂಗಳ ಮೊಮ್ಮಗಳು ಅಭಿನಯಾಳನ್ನೂ ಕರೆದುಕೊಂಡು ಬಂದಳು.

ಕೂಸಿಗೆ ಎರಡು ದಿನದಿಂದ ಜ್ವರ. ನೆಗಡಿಯಿಲ್ಲ, ಕೆಮ್ಮಿಲ್ಲ, ಭೇದಿಯಿಲ್ಲ. ಡಾಕ್ಟರು ಕಿವಿ, ಗಂಟಲು, ಎದೆ ಎಲ್ಲ ನೋಡಿದರು. ಏನೂ ಸಿಗಲಿಲ್ಲ. ಕೂಸು ಸ್ವಲ್ಪ ಮಂಕಾಗಿತ್ತು, ಆದರೂ ಅವರ ಕೊರಳಿನ ಕೊಳವೆಯನ್ನು ಹಿಡಿಯಲು ಕೈ ಚಾಚಿತು. ರಕ್ತ ನೋಡಿ ಬರಲಿ ಎಂದು ಕಳಿಸಿದರು.

ಸಣ್ಣತಾಯಮ್ಮ ಎಂದಿನಂತೆ ಪಾದ ಬೆಚ್ಚಗೆ ಮಾಡಿ, ಹಿಮ್ಮಡಿಯಿಂದ ಒಂದು ಹನಿ ತೆಗೆದಳು. ಕೈಯ ಹಿಂಬದಿಯ ನರದಿಂದ ಇನ್ನಷ್ಟು ತೆಗೆದಳು. ಲಿಂಗಿ ತಲೆಯ ಬಿಳಿ ಬಟ್ಟೆ ಸರಿಮಾಡಿಕೊಳ್ಳುತ್ತ ಕೊಳವೆಯನ್ನೇ ನೋಡುತ್ತಿದ್ದಳು.

“ಇಷ್ಟು ತೆಗೆದರೆ ಕೂಸುಗ ಉಳಿವದು ಏನ?” ಎಂದಳು.

“ಅರ್ಧ ಚಮಚನೂ ಇಲ್ಲ ಕನವ್ವ. ಸಂಜೆ ಒಳಗೆ ಮೈ ಅದ ತಿರ್ಗ ಮಾಡ್ಕತ್ತದೆ.”

“ನಿನ್ನದ ತೆಗೆವಗ ನೀ ಹೀಗೇ ಹೇಳುವೆಯಾ, ನೋಡಬೇಕು,” ಎಂದು ಮುದುಕಿ ಮೂಗು ಮುರಿದಳು. ಅಳುತ್ತಿದ್ದ ಕೂಸನ್ನು ಎತ್ತಿಕೊಂಡು ಹೊರಗೆ ಬಿಸಿಲಿಗೆ ಹೋದಳು.

ಬಿಳಿ ಕಣಗಳ ಎಣಿಕೆ ಹದಿನಾಲ್ಕು ಸಾವಿರ ಬಂತು. ಆ ವಯಸ್ಸಿಗೆ ಅದು ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಕಪ್ಪು ಗಾಜನ್ನು ಎರಡು ನಿಮಿಷ ತೂಗಿದಳು. ಹಾಲು ಹಾಲಾಗಿಯೇ ಇತ್ತು. ಚೀಟಿಯಲ್ಲಿ ‘ನೆಗೆಟಿವ್’ ಎಂದು ಬರೆದಳು. ಡಾಕ್ಟರು ಜ್ವರ ಇಳಿಯಲು ಸಿರಪ್ ಬರೆದುಕೊಟ್ಟರು; ಮೂರು ದಿನಕ್ಕೂ ಬಿಡದಿದ್ದರೆ ಬನ್ನಿ ಎಂದರು. ಒಂಬತ್ತೂವರೆಯ ಬಸ್ಸು ಹಿಡಿದು ಅವರು ಹೊರಟುಹೋದರು.

ಹಿಮ್ಮಡಿಯ ಹನಿಯಿಂದ ಗಾಜಿನ ಮೇಲೆ ಎಳೆದಿದ್ದ ತೆಳುವಾದ ರಕ್ತದ ಪದರಕ್ಕೆ ಬಣ್ಣ ಹಾಕಿ ಒಣಗಿಸಿ ನೋಡುವುದು ಯಾವಾಗಲೂ ಕೊನೆಯ ಕೆಲಸ. ಹನ್ನೊಂದು ಗಂಟೆಗೆ ಸಣ್ಣತಾಯಮ್ಮ ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ನೋಡುತ್ತ ನೋಡುತ್ತ ಅವಳ ಬೆರಳು ನಿಂತಿತು.

ಪೂರ್ತಿ ಬೆಳೆದ ಬಿಳಿ ಕಣದ ನಡುವಿನ ಕಪ್ಪು ಗುರುತು ಎರಡು ಮೂರು ಹೋಳಾಗಿರುತ್ತದೆ. ಎಳೆಯ ಕಣದಲ್ಲಿ ಅದು ಕುದುರೆ ಲಾಳದ ಹಾಗೆ ಒಂದೇ ಪಟ್ಟಿ. ಎಳೆಯವು ಸಾಮಾನ್ಯವಾಗಿ ಮೂಳೆಯೊಳಗೇ ಇರುತ್ತವೆ, ಹೊರಗೆ ಬರುವುದಿಲ್ಲ. ದೊಡ್ಡ ಹೋರಾಟ ನಡೆದು, ಬೆಳೆದವರು ಸಾಲದೆ ಹೋದಾಗ ಮೈ ಅವನ್ನೂ ಹೊರಗೆ ಕಳಿಸುತ್ತದೆ. ಅಭಿನಯಾಳ ರಕ್ತದಲ್ಲಿ ನೂರಕ್ಕೆ ಇಪ್ಪತ್ತೆರಡು ಅಂಥವು. ಅವುಗಳ ಮೈತುಂಬ ಕಪ್ಪು ಚುಕ್ಕಿ.

ಬಣ್ಣ ಹೆಚ್ಚಾಗಿರಬೇಕು ಎಂದುಕೊಂಡು ಎರಡನೆಯ ಗಾಜಿಗೆ ಬಣ್ಣ ಹಾಕಿದಳು. ಅಲ್ಲೂ ಅದೇ. ಒಂದೇ ಕೂಸಿನ ರಕ್ತ ಒಂದು ಗಾಜಿನಲ್ಲಿ ಏನೂ ಇಲ್ಲ ಎನ್ನುತ್ತದೆ, ಇನ್ನೊಂದರಲ್ಲಿ ಕೂಗಿಕೊಳ್ಳುತ್ತದೆ. ಯಾವುದನ್ನು ನಂಬುವುದು ಎಂದು ಅವಳು ಕೈ ಕಟ್ಟಿ ಕುಳಿತಿದ್ದಾಗ ನರ್ಸ್ ಮಲರ್‌ಕೊಡಿ ಬಾಗಿಲು ತಳ್ಳಿಕೊಂಡು ಬಂದಳು. ಅವಳ ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಇತ್ತು.

“ಅಕ್ಕಾ, ನಿಮ್ಮ ಸ್ಪಿರಿಟ್ ದೀಪ ಸ್ವಲ್ಪ ಹಚ್ಚಿ. ಹನ್ನೊಂದು ಗಂಟೆಯಾದರೂ ಎಣ್ಣೆ ಕಲ್ಲು ಥರ ಇದೆ. ತಲೆಗೆ ಹಚ್ಚೋದಾ, ಗೋಡೆಗೆ ಬಡಿಯೋದಾ ಗೊತ್ತಾಗ್ತಿಲ್ಲ.”

ಸಣ್ಣತಾಯಮ್ಮ ದೀಪ ಹಚ್ಚಲಿಲ್ಲ. ಬಾಟಲಿಯೊಳಗೆ ಬೆಳ್ಳಗೆ ಕುಳಿತಿದ್ದ ಎಣ್ಣೆಯನ್ನೇ ನೋಡಿದಳು. ಆಮೇಲೆ ಎದ್ದು ಪೆಟ್ಟಿಗೆಯೊಳಗಿನ ಕಾಗದ ಬಿಡಿಸಿದಳು. ಅದರಲ್ಲಿ ಬರೆದಿದ್ದುದು ಅವಳಿಗೆ ಬಾಯಿಪಾಠವಾಗಿತ್ತು. ಬಳಸುವ ಮೊದಲು ಸೀಸೆಗಳನ್ನು ಫ್ರಿಜ್ಜಿನಿಂದ ತೆಗೆದು ಕೋಣೆಯ ಉಷ್ಣತೆಗೆ ಬರುವವರೆಗೆ ಹೊರಗಿಡಬೇಕು. ಅವಳು ಪ್ರತಿದಿನವೂ ಅರ್ಧ ಗಂಟೆ ಹೊರಗಿಡುತ್ತಿದ್ದಳು. ಒಂದು ದಿನವೂ ತಪ್ಪಿಸಿರಲಿಲ್ಲ.

ಫ್ರಿಜ್ಜಿನೊಳಗಿದ್ದ ಉಷ್ಣಮಾಪಕವನ್ನು ತೆಗೆದು ನೋಡಿದಳು. ಆರು ಡಿಗ್ರಿ. ಅದನ್ನು ಮೇಜಿನ ಮೇಲಿಟ್ಟು ಕಾದಳು. ಪಾದರಸ ಏಳಕ್ಕೆ ಬಂದು ಅಲ್ಲೇ ನಿಂತಿತು.

ಕೋಣೆ ಎಂದರೆ ಯಾರ ಕೋಣೆ? ಆ ಕಾಗದ ಬರೆದವರು ಬೆವರು ಒರೆಸಿಕೊಳ್ಳುತ್ತ ಬರೆದಿರಬೇಕು. ಅವರ ಕೋಣೆಯಲ್ಲಿ ಸೀಸೆ ಅರ್ಧ ಗಂಟೆಗೆ ಬೆಚ್ಚಗಾಗುತ್ತದೆ. ಇಲ್ಲಿ ಸೀಸೆ ಒಂದು ಫ್ರಿಜ್ಜಿನಿಂದ ಇನ್ನೊಂದಕ್ಕೆ ಬರುತ್ತಿತ್ತು, ಅಷ್ಟೆ.

ಒಡೆಯಲೇಬೇಕಾದ ಸಾಕ್ಷಿಯ ಸೀಸೆಯನ್ನು ಹಿಂದಿನಿಂದ ಹುಡುಕಿ ತೆಗೆದು ಕಪ್ಪು ಗಾಜಿನ ಮೇಲೆ ಹನಿ ಹಾಕಿದಳು. ಎರಡು ನಿಮಿಷ ತೂಗಿದಳು. ಅದು ಒಡೆಯಲಿಲ್ಲ. ತಿಂಗಳಿಂದ ತಾನು ಕೇಳುತ್ತಿದ್ದ ಪ್ರಶ್ನೆಗೆ ಈ ಗಾಜು ಯಾರ ವಿಷಯದಲ್ಲೂ ಹೌದು ಎನ್ನಲು ಶಕ್ತಿಯಿಲ್ಲದೆ ಕುಳಿತಿತ್ತು ಎಂದು ಅವಳಿಗೆ ಅರಿವಾಯಿತು.

ಎಲ್ಲ ಸೀಸೆಗಳನ್ನೂ, ಅಭಿನಯಾಳ ತಿಳಿನೀರಿನ ಕೊಳವೆಯನ್ನೂ ಹತ್ತಿಯಲ್ಲಿ ಸುತ್ತಿ, ಸ್ವೆಟರಿನೊಳಗೆ ಕಂಕುಳಲ್ಲಿ ಇಟ್ಟುಕೊಂಡಳು. ಕಪ್ಪು ಗಾಜನ್ನು ಸೊಂಟಕ್ಕೆ ಸಿಕ್ಕಿಸಿ ಸೆರಗು ಮುಚ್ಚಿದಳು. ಹತ್ತು ನಿಮಿಷ ಅಲುಗಾಡದೆ ನಿಂತಳು. ಮಲರ್‌ಕೊಡಿ ಏನಾಯಿತು ಎಂದು ಎರಡು ಸಲ ಕೇಳಿ, ತಾನೂ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತುಕೊಂಡಳು. ಮತ್ತೆ ಹನಿ ಹಾಕಿದಾಗ ಸಾಕ್ಷಿ ಅರ್ಧ ನಿಮಿಷದಲ್ಲಿ ಒಡೆಯಿತು. ಅಭಿನಯಾಳದು ಅದಕ್ಕಿಂತ ಬೇಗ, ರವೆ ಚೆಲ್ಲಿದ ಹಾಗೆ.

ಅವಳು ಗಾಜನ್ನು ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರ ಕೋಣೆಗೆ ಹೋದಳು. ಅಲ್ಲಿ ನಲವತ್ತು ಜನ ಕಾಯುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಸಾಲು ಮುರಿದು ಒಳಗೆ ನುಗ್ಗಿ, ಬೆಳಗಿನ ಕೂಸಿನ ಚೀಟಿ ತಪ್ಪು, ತಪ್ಪು ನನ್ನದು ಎಂದಳು. ರಂಗನಾಥನ್ ಅವರು ಗಾಜು ನೋಡಿದರು. ಕಾರಣ ಕೇಳಿದರು. ಅವಳು ತಣ್ಣಗಿನ ಸೀಸೆಗಳ ವಿಷಯ ಹೇಳಿದಳು. ಆ ಕಾಗದವನ್ನು ನಾನೂ ಓದಿದ್ದೆ, ನನಗೂ ಹೊಳೆಯಲಿಲ್ಲ ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿ, ಉಳಿದ ಮಾತು ಆಮೇಲೆ, ಮೊದಲು ಕೂಸು ಬರಬೇಕು ಎಂದರು. ಆಸ್ಪತ್ರೆಯ ಜೀಪು ಆಮ್ಲಜನಕದ ಸಿಲಿಂಡರು ತರಲು ಊಟಿಗೆ ಹೋಗಿತ್ತು. ಅವರಿಗೆ ಆ ಸಾಲನ್ನು ಬಿಟ್ಟು ಏಳುವಂತಿರಲಿಲ್ಲ. ನಾನು ಹೋಗುತ್ತೇನೆ ಎಂದು ಸಣ್ಣತಾಯಮ್ಮ ಹೊರಟಳು. ಹೊರಡುವಾಗ ಸೀಸೆಗಳನ್ನೂ ಕೂಸಿನ ತಿಳಿನೀರಿನ ಕೊಳವೆಯನ್ನೂ ಮತ್ತೆ ಕಂಕುಳಿಗೆ ಸೇರಿಸಿಕೊಂಡಳು, ಕಪ್ಪು ಗಾಜು ಒರೆಸಿ ಚೀಲಕ್ಕೆ ಹಾಕಿದಳು. ಬಾಯಿಮಾತಿನಿಂದ ಯಾರನ್ನೂ ಒಪ್ಪಿಸಲು ತನಗೆ ಬರುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು.

ಗೇಟಿನ ಎದುರು ಚಹಾ ಎಲೆ ತುಂಬಲು ಹಟ್ಟಿಗಳ ಕಡೆ ಹೊರಟ ಲಾರಿ ಸಿಕ್ಕಿತು. ಅದನ್ನು ಓಡಿಸುತ್ತಿದ್ದ ನಾಗರಾಜು ಗುಂಡ್ಲುಪೇಟೆ ಕಡೆಯವನೇ.

“ಏನ್ ಸಣ್ಣತಾಯಕ್ಕ, ಇನ್ ಮೇಲೆ ಎಲೆಗೂ ರಕ್ತ ಪರೀಕ್ಷೆ ಮಾಡೀರಾ?” ಎಂದು ನಗುತ್ತ ಬಾಗಿಲು ತೆರೆದವನು ಅವಳ ಮುಖ ನೋಡಿ, ಅವಳು ಹತ್ತಿದ ಕೂಡಲೇ ಲಾರಿ ಹೊರಡಿಸಿದ. ದಾರಿಯಲ್ಲಿ ಎಲೆ ಮೂಟೆ ಕಾದಿದ್ದ ಎರಡು ಕಡೆ ಅವನು ನಿಲ್ಲಿಸಲಿಲ್ಲ. ಅವಳು ಎಡಗೈಯನ್ನು ಮೈಗೆ ಒತ್ತಿ ಹಿಡಿದು ಕುಳಿತಿದ್ದಳು. ಕೂಸು ಸೆಟೆದುಕೊಂಡಿದ್ದರೆ, ಹಾಲು ಬಿಟ್ಟಿದ್ದರೆ, ಎಂದು ಒಂದೊಂದು ತಿರುವಿಗೂ ಒಂದೊಂದು ಯೋಚನೆ ಬರುತ್ತಿತ್ತು.

ಹಟ್ಟಿಯಲ್ಲಿ ಅಂಥದ್ದೇನೂ ಆಗಿರಲಿಲ್ಲ. ಸಾಲುಮನೆಗಳ ಮುಂದಿನ ಬಿಸಿಲಿನಲ್ಲಿ ಹೆಂಗಸರು ಬೀನ್ಸ್ ಬಿಡಿಸುತ್ತಿದ್ದರು. ಕಮಲಂಳ ತೊಡೆಯ ಮೇಲೆ ಅಭಿನಯಾ ನಿದ್ದೆ ಮಾಡುತ್ತಿತ್ತು. ಸಣ್ಣತಾಯಮ್ಮ ಹಣೆ ಮುಟ್ಟಿ ನೋಡಿದಳು. ಸಿರಪ್ಪಿನಿಂದ ಜ್ವರ ಇಳಿದಿತ್ತು. ಕೂಸು ಚೆನ್ನಾಗಿ ಕಾಣುತ್ತಿದ್ದುದೇ ಈಗ ಕಷ್ಟಕ್ಕೆ ಬಂತು. ಈಗಲೇ ಆಸ್ಪತ್ರೆಗೆ ವಾಪಸು ಹೊರಡಬೇಕು ಎಂದರೆ ಯಾರು ಕೇಳುತ್ತಾರೆ? ಕಮಲಂ ಅತ್ತೆಯ ಮುಖ ನೋಡಿದಳು. ಲಿಂಗಿ ಬೀನ್ಸಿನ ಮೊರ ಕೆಳಗಿಟ್ಟಳು.

“ಏನೂ ಇಲ್ಲೆಂದು ಕಾಗದಲಿ ಬರದು ಕೊಟ್ಟದು ನೀನೇ ತಾನೆ?”

“ನಾನೇ ಕನವ್ವ. ಅದು ತಪ್ಪಾಗ್ಬುಟ್ಟದೆ. ಔಷ್ದಿ ತಣ್ಣಗಿತ್ತು. ನಾ ನೋಡ್ನಿಲ್ಲ.”

“ಬೆಳಗ ಒಂದು, ಮಧ್ಯಾನ ಒಂದು. ಸಂಜೆಗ ಏನ ಹೇಳುವೆ?”

ಬೀನ್ಸ್ ಬಿಡಿಸುತ್ತಿದ್ದವರು ನಕ್ಕರು. ಸಣ್ಣತಾಯಮ್ಮ ಜಗುಲಿಯ ಮೇಲೆ ಕುಳಿತು ಕಪ್ಪು ಗಾಜನ್ನು ತೆಗೆದು ಬಿಸಿಲಿಗಿಟ್ಟಳು. ಕಂಕುಳಿನಿಂದ ಹತ್ತಿಯ ಗಂಟನ್ನು ತೆಗೆದಾಗ ನಗು ಇನ್ನೂ ಜೋರಾಯಿತು. ಅವಳು ಯಾರನ್ನೂ ನೋಡದೆ ಹಾಲಿನಂಥ ದ್ರವದ ಒಂದು ಹನಿ ಹಾಕಿದಳು. ಬೆಳಿಗ್ಗೆ ತೆಗೆದ ರಕ್ತದ ತಿಳಿ ಇದು, ನಿಮ್ಮ ಕೂಸಿನದು ಎಂದು ತೋರಿಸಿ ಅದರ ಒಂದು ಹನಿ ಸೇರಿಸಿದಳು. ತೂಗತೊಡಗಿದಳು.

ಲಿಂಗಿ ಬಗ್ಗಿ ನೋಡಿದಳು. ಅವಳ ಮನೆಯವರು ತಲೆತಲಾಂತರದಿಂದ ಎಮ್ಮೆ ಕಟ್ಟಿದವರು. ಹಾಲಿಡುವ ಒಳಕೋಣೆಗೆ ಹೆಂಗಸರು ಕಾಲಿಡದ ಕಾಲವನ್ನು ಅವಳು ಕಂಡವಳು. ಹಾಲು ಎಂದರೆ ಅವಳಿಗೆ ಹಗುರ ವಸ್ತುವಲ್ಲ. ಗಾಜಿನ ಮೇಲೆ ಬಿಳುಪು ಬಿರಿದು ಕಣಕಣವಾಗಿ ಬೇರ್ಪಡುವುದನ್ನು ನೋಡಿ ಅವಳು ಇನ್ನೂ ಹತ್ತಿರಕ್ಕೆ ಬಗ್ಗಿದಳು. ಆಮೇಲೆ ಕಣ್ಣು ಕಿರಿದು ಮಾಡಿ ಕೇಳಿದಳು.

“ಎಲ್ಲವರದೂ ಹೀಗೇ ಒಡೆವದಾ? ನೋವಿಲ್ಲದವರದು ಹಾಕಿ ಕಾಟು.” ಹಾಕಿ ತೋರಿಸು ಎಂದು.

ಸಣ್ಣತಾಯಮ್ಮ ತಲೆಯೆತ್ತಿ ಅವಳನ್ನು ನೋಡಿದಳು. ಓದು ಬರಹ ಬಾರದ ಈ ಮುದುಕಿ ಮೊದಲ ನೋಟಕ್ಕೇ ಕೇಳಿದ ಪ್ರಶ್ನೆಯನ್ನು ತಾನು ಒಂದು ತಿಂಗಳು ಕೇಳಿಕೊಂಡಿರಲಿಲ್ಲ. ಒಡೆಯಲೇಬಾರದ ಸಾಕ್ಷಿಯ ಸೀಸೆ ತೆಗೆದಳು. ಇದು ಕಾಯಿಲೆ ಇಲ್ಲದವರದು ಎಂದು ಹೇಳಿ, ಪಕ್ಕದಲ್ಲೇ ಇನ್ನೊಂದು ಜೋಡಿ ಹನಿ ಹಾಕಿದಳು. ಈಗ ಹಟ್ಟಿಯ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಒಂದು ನಿಮಿಷ ಕಳೆಯಿತು. ಎರಡಾಯಿತು. ಒಂದು ಕಡೆ ಒಡೆದದ್ದು, ಇನ್ನೊಂದು ಕಡೆ ನುಣ್ಣಗೆ ಬೆಳ್ಳಗೆ ಒಡೆಯದೆ ಉಳಿದದ್ದು.

ಲಿಂಗಿ ನೆಟ್ಟಗೆ ನಿಂತಳು.

“ಎದ್ದೇಳು ಕಮಲಂ. ಕೂಸುಗ ಕಂಬಳಿ ಸುತ್ತು,” ಎಂದಳು. ಆಮೇಲೆ ಸಣ್ಣತಾಯಮ್ಮನ ಕಡೆ ತಿರುಗಿ, “ತಮ್ಮ ತಪ್ಪ ಹೇಳಲು ಆಸ್ಪತ್ರೆಯಿಂದ ಇಷ್ಟು ದೂರ ಬಂದವರ ನಾ ಕಂಡದಿಲ್ಲೆ. ಬಾ,” ಎಂದಳು.

ವಾಪಸು ಬರುವಾಗ ಲಾರಿಯ ಮುಂಭಾಗದಲ್ಲಿ ನಾಲ್ಕು ಜನ ಒತ್ತಿಕೊಂಡು ಕುಳಿತರು. ಅರ್ಧ ದಾರಿಗೆ ಕೂಸಿನ ಮೈ ಮತ್ತೆ ಸುಡತೊಡಗಿತು. ಆಸ್ಪತ್ರೆ ಸೇರಿದಾಗ ಅದು ಕಣ್ಣು ಬಿಡಲೂ ಬೇಸರಪಡುತ್ತಿತ್ತು. ರಂಗನಾಥನ್ ಅವರು ಬಾಗಿಲಲ್ಲೇ ನಿಂತಿದ್ದರು. ಮೊದಲು ಕ್ರಿಮಿ ಬೆಳೆಸಿ ನೋಡುವ ಬಾಟಲಿಗೆ ರಕ್ತ ತೆಗೆದರು, ಆಮೇಲೆ ಮೊದಲ ಇಂಜೆಕ್ಷನ್. ಬಾಟಲಿ ಮಧ್ಯಾಹ್ನದ ಬಸ್ಸಿನಲ್ಲಿ ಕೊಯಮತ್ತೂರಿಗೆ ಹೋಯಿತು. ತಣ್ಣಗಾಗಲು ಬಿಡಬೇಡಿ ಎಂದು ಸಣ್ಣತಾಯಮ್ಮ ಅದನ್ನು ಕಂಡಕ್ಟರನ ಉಣ್ಣೆಯ ಕೋಟಿನೊಳಗೆ ತಾನೇ ಇಟ್ಟು ಗುಂಡಿ ಹಾಕಿದಳು. ಹೆಂಡತಿಯೂ ನನ್ನನ್ನು ಇಷ್ಟು ಜೋಪಾನ ಮಾಡಿಲ್ಲ ಎಂದು ಅವನು ಹೇಳಿದ್ದು ಅವಳಿಗೆ ಕೇಳಿಸಲಿಲ್ಲ.

ಶುಕ್ರವಾರ ಜ್ವರ ಬಿಡಲಿಲ್ಲ. ಶನಿವಾರ ಬೆಳಿಗ್ಗೆ ಕೂಸು ತಾಯಿಯ ಹಾಲಿಗೆ ಬಾಯಿ ಹಾಕಿತು. ಭಾನುವಾರ ಮೈ ತಣ್ಣಗಾಯಿತು, ತಣ್ಣಗೇ ಉಳಿಯಿತು. ಸೋಮವಾರ ಕೊಯಮತ್ತೂರಿನಿಂದ ಫೋನ್ ಬಂತು. ಬಾಟಲಿಯಲ್ಲಿ ಕ್ರಿಮಿ ಬೆಳೆದಿದೆ. ನ್ಯುಮೋನಿಯಾವನ್ನೂ ಮಿದುಳು ಜ್ವರವನ್ನೂ ತರುವ ಜಾತಿಯದು. ನೀವು ಕೊಡುತ್ತಿರುವ ಔಷಧಿಗೆ ಬಗ್ಗುತ್ತದೆ. ಡಾಕ್ಟರು ಫೋನ್ ಕೆಳಗಿಟ್ಟು ಕನ್ನಡಕ ತೆಗೆದು ಕಣ್ಣುಗಳನ್ನು ಉಜ್ಜಿಕೊಂಡರು. ಮೂರು ದಿನ ಕಾದಿದ್ದರೆ, ಎಂದು ಅವರು ಶುರುಮಾಡಿದ ಮಾತನ್ನು ಮುಗಿಸಲಿಲ್ಲ. ಸಣ್ಣತಾಯಮ್ಮ ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ, ಅತ್ತಳು. ಅಳು ಮುಗಿದ ಮೇಲೆ ಮುಖ ತೊಳೆದು ರಿಜಿಸ್ಟರ್ ತೆಗೆದಳು.

ಡಿಸೆಂಬರ್ ನಡುವಿನಿಂದ ಆ ಗುರುವಾರದವರೆಗೆ, ಆ ತಣ್ಣಗಿನ ಗಾಜು ‘ಇಲ್ಲ’ ಎಂದು ಮನೆಗೆ ಕಳಿಸಿದ ಮಕ್ಕಳು ಇನ್ನೂ ಒಂಬತ್ತು. ಹೆಸರುಗಳನ್ನು ಒಂದು ಹಾಳೆಗೆ ಬರೆದುಕೊಂಡಳು. ಡಾಕ್ಟರು ಜೀಪು ಕೊಡುತ್ತೇನೆ ಎಂದರು. ಅದು ಕಾಯಿಲೆಯವರಿಗೆ ಬೇಕಾಗುತ್ತದೆ ಎಂದು ಅವಳು ಒಪ್ಪಲಿಲ್ಲ. ಊಟಿಯಲ್ಲಿ ಬಿತ್ತನೆ ಆಲೂಗಡ್ಡೆಯ ಅಂಗಡಿ ಇಟ್ಟಿದ್ದ ಅವಳ ಗಂಡ ನಂಜುಂಡೇಶ ದಿನಾ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಸ್ಕೂಟರ್ ತಂದು ಗೇಟಿನಲ್ಲಿ ನಿಂತ.

ಮೊದಲ ಮನೆಯಲ್ಲಿ ಮಗು ಅಂಗಳದಲ್ಲಿ ಕೋಳಿ ಅಟ್ಟುತ್ತಿತ್ತು. ಎರಡನೆಯದು ಅಜ್ಜಿಯ ಮನೆಗೆ ಹೋಗಿತ್ತು. ಅಲ್ಲಿಗೂ ಹೋಗಿ ಕಣ್ಣಾರೆ ನೋಡಿದರು. ನಾಲ್ಕನೆಯದು ಜ್ವರ ಬಿಡದೆ ಊಟಿಯ ಬೇರೆ ಡಾಕ್ಟರ ಹತ್ತಿರ ಹೋಗಿ ಗುಣವಾಗಿತ್ತು. ಅದರ ತಾಯಿ ಸಣ್ಣತಾಯಮ್ಮನಿಗೆ ಚೆನ್ನಾಗಿ ಬೈದಳು. ಬೈಗುಳವನ್ನೆಲ್ಲ ಕೇಳಿಸಿಕೊಂಡು ಹೊರಬಂದಾಗ ಅವಳಿಗೆ ಮೈ ಹಗುರಾಗಿತ್ತು. ಒಂದೊಂದು ಹೆಸರಿಗೂ ಅವಳು ಹಾಳೆಯಲ್ಲಿ ಸಣ್ಣದೊಂದು ಗೆರೆ ಎಳೆಯುತ್ತ ಬಂದಳು.

“ಮದ್ವೆ ಆಗಿ ಇಪ್ಪತ್ತೊರ್ಸದಲ್ಲಿ ನಾ ನಿನ್ನ ಇಷ್ಟು ಊರು ಸುತ್ತಿಸಿರ್ನಿಲ್ಲ, ಬುಡು,” ಎಂದ ನಂಜುಂಡೇಶ.

“ನೀ ಸುತ್ತಿಸಿದ್ದು ಬರೀ ಗಡ್ಡೆ ಮಂಡಿಗೆ,” ಎಂದಳು ಅವಳು. ಆ ವಾರದಲ್ಲಿ ಅವಳು ಆಡಿದ ಮೊದಲ ನಗೆಮಾತು ಅದು.

ಎಂಟು ಹೆಸರಿಗೆ ಗೆರೆ ಬಿತ್ತು. ಆ ನಡುವೆ ಅಭಿನಯಾ ಹತ್ತು ದಿನದ ಇಂಜೆಕ್ಷನ್ ಮುಗಿಸಿತು. ಕಳಿಸುವ ಮೊದಲು ರಕ್ತ ಮತ್ತೊಮ್ಮೆ ನೋಡಿದರು. ಈ ಸಲ ಮೇಜಿನ ಮೇಲೆ ಬಿಸಿನೀರಿನ ತಟ್ಟೆಯಿತ್ತು, ಅದರಲ್ಲಿ ಉಷ್ಣಮಾಪಕ, ಅದರ ಪಕ್ಕ ಸೀಸೆಗಳು. ಸಾಕ್ಷಿಗಳೆರಡನ್ನೂ ಮೊದಲು ಹಾಕಿ ನೋಡದೆ ಸಣ್ಣತಾಯಮ್ಮ ಕೂಸಿನ ಹನಿ ಮುಟ್ಟಲಿಲ್ಲ. ಉತ್ತರ ‘ಇಲ್ಲ’ ಎಂದು ಬಂತು. ಆದರೂ ಡಾಕ್ಟರು ಚೀಟಿಯನ್ನು ಜೇಬಿಗೆ ಹಾಕಿಕೊಂಡು, ಮತ್ತೊಮ್ಮೆ ಹೋಗಿ ಕೂಸನ್ನೇ ಅರ್ಧ ಗಂಟೆ ನೋಡಿ ಬಂದ ಮೇಲೆ ಮನೆಗೆ ಕಳಿಸಿದರು. ಅಂದಿನಿಂದ ಅವರ ಕ್ರಮವೂ ಬದಲಾಗಿತ್ತು. ಚೀಟಿ ಒಂದು ಮಾತು, ಕೂಸಿನ ಮುಖ ಒಂದು ಮಾತು, ತಾಯಿಯ ಬಾಯಲ್ಲಿ ಬರುವುದು ಇನ್ನೊಂದು ಮಾತು. ಮೂರೂ ಕೂಡಿ ಬಾರದಿದ್ದರೆ ಕೂಸು ಒಂದು ದಿನ ಆಸ್ಪತ್ರೆಯಲ್ಲೇ ಇರುತ್ತಿತ್ತು.

ಒಂಬತ್ತನೆಯದು ಮಾತ್ರ ಉಳಿಯಿತು. ರಿಜಿಸ್ಟರಿನಲ್ಲಿ ಇದ್ದದ್ದು ಇಷ್ಟೇ: ಗೀತಾಂಜಲಿ, ಎರಡು ವರ್ಷ, ತಂದೆ ಮಹಾಲಿಂಗಂ, ಮಂಜೂರು. ಜ್ವರದ ಮಗುವನ್ನು ಅಷ್ಟು ದೂರದಿಂದ ಏಕೆ ತಂದಿದ್ದರೋ, ಯಾರ ಮನೆಗೆ ಬಂದಿದ್ದರೋ ಅದರಲ್ಲಿ ಇರಲಿಲ್ಲ. ಒಂದು ಭಾನುವಾರ ಸ್ಕೂಟರ್ ಕೆಟ್ಟಿತ್ತು. ಗಂಡ ಹೆಂಡತಿ ಬಸ್ಸಿನಲ್ಲೇ ಮಂಜೂರಿಗೆ ಹೋದರು. ಮಹಾಲಿಂಗಂ ಎಂಬ ಹೆಸರಿನವರು ಅಲ್ಲಿ ಐದು ಜನ ಇದ್ದರು. ಒಬ್ಬನಿಗೆ ಮದುವೆಯೇ ಆಗಿರಲಿಲ್ಲ. ಇನ್ನೊಬ್ಬನ ಮಗಳು ಕಾಲೇಜಿನಲ್ಲಿದ್ದಳು. ಮೂರನೆಯವನ ಮನೆಗೆ ಬೀಗ ಹಾಕಿತ್ತು. ಬೀಗ ಕಂಡಾಗ ಅವಳು ನಂಜುಂಡೇಶನ ತೋಳು ಹಿಡಿದುಕೊಂಡಳು. ಪಕ್ಕದ ಮನೆಯವರು, ಅವರೆಲ್ಲ ಮಾರ್ಕೆಟ್ಟಿನಲ್ಲಿದ್ದಾರೆ, ಕ್ಯಾರೆಟ್ ಲೋಡು ಬಂದಿದೆ ಎಂದರು.

ಮಾರ್ಕೆಟ್ಟಿನ ಬದಿಯಲ್ಲಿ, ತೊಳೆದ ಕ್ಯಾರೆಟ್ಟಿನ ರಾಶಿಯ ಪಕ್ಕ, ಕೆಂಪು ಟೋಪಿ ಹಾಕಿದ ಹೆಣ್ಣುಮಗುವೊಂದು ಮೂಟೆಯ ಮೇಲೆ ಕುಳಿತಿತ್ತು. ಎರಡೂ ಕೈಯಲ್ಲಿ ಒಂದೊಂದು ಕ್ಯಾರೆಟ್. ಸಣ್ಣತಾಯಮ್ಮ ಹತ್ತಿರ ಹೋಗಿ ಬಗ್ಗಿದಳು. ಮಗು ಅವಳ ಮುಖ ನೋಡಿತು. ಒಂದು ತಿಂಗಳ ಹಿಂದಿನ ಸೂಜಿ ಅದಕ್ಕೆ ನೆನಪಾಯಿತು. ಎರಡೂ ಕೈಗಳನ್ನು ಕ್ಯಾರೆಟ್ ಸಮೇತ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, “ಮಾಟ್ಟೇನ್,” ಎಂದಿತು. ಕೊಡಲಾರೆ ಎಂದು.

“ಕೊಡಬ್ಯಾಡ ಮಗ. ಯಾರ್ಗೂ ಕೊಡಬ್ಯಾಡ,” ಎಂದಳು ಸಣ್ಣತಾಯಮ್ಮ.

ಮಹಾಲಿಂಗಂ ಬಂದು ಏನು ವಿಷಯ ಎಂದು ಕೇಳಿದ. ಅವಳು ಎಲ್ಲವನ್ನೂ ಹೇಳಿದಳು. ಅವನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಮಾರನೆಯ ದಿನವೇ ಜ್ವರ ಬಿಟ್ಟಿತ್ತಲ್ಲ, ಇದನ್ನು ಕೇಳಲು ಬಸ್ಸಿನಲ್ಲಿ ಬಂದಿರಾ ಎಂದು ಆಶ್ಚರ್ಯಪಟ್ಟು, ಕುಳಿತುಕೊಳ್ಳಲು ಒಂದು ಮೂಟೆ ಸರಿಸಿ, ಇಬ್ಬರಿಗೂ ಟೀ ತರಿಸಿದ. ಸಣ್ಣತಾಯಮ್ಮ ಚೀಲದಿಂದ ಹಾಳೆ ತೆಗೆದು ಕೊನೆಯ ಗೆರೆ ಎಳೆದಳು. ಊಟಿಯ ಬಸ್ಸು ಹಾರ್ನ್ ಹೊಡೆಯಿತು. ನಂಜುಂಡೇಶ ಅರ್ಧ ಎದ್ದು ಅವಳ ಕಡೆ ನೋಡಿದ. ಅವಳು ಎರಡೂ ಕೈಯಲ್ಲಿ ಲೋಟ ಹಿಡಿದು, ಮಗು ಮತ್ತೆ ಕ್ಯಾರೆಟ್ ಕಚ್ಚುವುದನ್ನು ನೋಡುತ್ತಿದ್ದಳು. ಅವನು ತಿರುಗಿ ಕುಳಿತುಕೊಂಡ. ಬಸ್ಸು ಹೋಯಿತು.